ಎರಡು ಕುರ್ಚಿಯ ಪರದೆ

ಮಾದಯ್ಯ ಚಟ್ಟದ ಎರಡನೇ ಬಿದಿರಿಗೆ ಹಗ್ಗ ಸುತ್ತುತ್ತಿದ್ದ. ಮೀನಾಕ್ಷಮ್ಮ ಒಳಗಿನಿಂದ ಬಂದವಳೇ ಹಗ್ಗದ ತುದಿಯ ಮೇಲೆ ಕಾಲಿಟ್ಟು ನಿಂತುಬಿಟ್ಟಳು.

"ಕಾಲು ತೆಗಿ ಮೀನಾಕ್ಸಮ್ಮ."

"ಫೋಟೋದೋರು ಬರೋಗಂಟ ಗಂಟಾಕ್ಬ್ಯಾಡಿ ಭಾವ."

"ನಿನ್ನೆ ಒತ್ತು ಮುಳುಗೋವಾಗ ಓದ ಜೀವ. ರಾತ್ರಿಯೆಲ್ಲ ಮಳವಳ್ಳಿಯಿಂದ ಗಾಡೀಲಿ ಕುಲುಕಾಡ್ಕಂಡು ಬಂದದೆ. ಇನ್ನೂ ಎಷ್ಟೊತ್ತು ಮಡಗನ?"

"ಬರೋಗಂಟ."

ಯಾರ ಸಾವಿಗೆ ಈ ಜಗಳವೋ ಆ ಚಿಕ್ಕಬೋರಯ್ಯ ಜಗಲಿಯ ಕಂಬಕ್ಕೆ ಒರಗಿ ತಣ್ಣಗೆ ಕೂತಿದ್ದ. ಬದುಕಿದ್ದಾಗಲೂ ಅಷ್ಟೆ. ಅಣ್ಣ ಏರಿಗೆ, ಹೆಂಡತಿ ನೀರಿಗೆ ಎಂದು ಎಳೆದಾಡುತ್ತಿದ್ದರೆ ಇವನು ಮೂಲೆಯಲ್ಲಿ ಕೂತು ಬ್ರಷ್ಷು ಒರೆಸಿಕೊಳ್ಳುತ್ತಿದ್ದ. ನಲವತ್ತಾರು ವರ್ಷ. ಮೀಸೆಯಲ್ಲಿ ಒಂದು ಬಿಳಿ ಕೂದಲಿಲ್ಲ. ಮಳವಳ್ಳಿಯಲ್ಲಿ ನಾಟಕ ಕಂಪನಿಯ ಪರದೆಗೆ ಆಕಾಶ ಬಳಿಯುತ್ತಿದ್ದವನು ಎದೆ ಹಿಡಿದುಕೊಂಡು ಏಣಿ ಇಳಿದ, ಇಳಿದವನು ಮತ್ತೆ ಏಳಲಿಲ್ಲ. ಉಗುರ ಸಂದಿಯಲ್ಲಿ ಆ ಆಕಾಶದ ನೀಲಿ ಇನ್ನೂ ಇತ್ತು. ಮೈ ತೊಳೆಸುವಾಗ ಮಾದಯ್ಯನ ಹೆಂಡತಿ ಚಿಕ್ಕಲಕ್ಷ್ಮಮ್ಮ ಅದನ್ನು ಸೀಗೆಪುಡಿ ಹಾಕಿ ಉಜ್ಜಲು ಹೋದಾಗ ಮೀನಾಕ್ಷಮ್ಮ, "ಬುಡಕ್ಕ, ಅದು ಅವ್ರುದೇ" ಎಂದಿದ್ದಳು.

ಮದ್ದೂರು, ಮಂಡ್ಯ, ಮಳವಳ್ಳಿ ಸುತ್ತಮುತ್ತ ಯಾರ ಮನೆಯ ಗೋಡೆಯ ಮೇಲೆ ಮದುವೆ ಫೋಟೋ ಇದ್ದರೂ ಅದರ ಹಿಂದೆ ನಿಂತಿರುವ ಕಂಬ, ಕೊಳ, ಹಂಸಗಳೆಲ್ಲ ಚಿಕ್ಕಬೋರಯ್ಯನ ಕೈಯವು. ಸ್ಟುಡಿಯೋಗಳಿಗೆ ಪರದೆ ಬರೆಯುವುದರಲ್ಲಿ ಅವನನ್ನು ಮೀರಿಸಿದವನಿರಲಿಲ್ಲ. ಇಷ್ಟೆಲ್ಲ ಜನರ ಬೆನ್ನ ಹಿಂದೆ ಅರಮನೆ ಕಟ್ಟಿಕೊಟ್ಟವನದು ಮಾತ್ರ ಒಂದೇ ಒಂದು ಫೋಟೋ ಇರಲಿಲ್ಲ. ಹೆಂಡತಿ ಬಿಟ್ಟಿರಲಿಲ್ಲ.

"ಫೋಟೋ ತೆಗುಸ್ದ್ರೆ ಆಯಸ್ಸು ಕಮ್ಮಿಯಾಯ್ತದೆ ಅಂತ ಅಡ್ಡ ನಿಂತೋಳು ನಾನೇ ಕಣಕ್ಕ," ಎಂದಳು ಮೀನಾಕ್ಷಮ್ಮ, ಹಗ್ಗದ ಮೇಲಿನ ಕಾಲು ತೆಗೆಯದೆ. "ಈಗ ನೋಡು, ಆಯಸ್ಸೂ ಇಲ್ಲ, ಫೋಟೋನೂ ಇಲ್ಲ. ನಾಕು ದಿನ ಕಳುದ್ರೆ ಈ ಮೊಕ ಎಂಗಿತ್ತು ಅಂತ ನಾನು ಯಾರ್ನ ಕೇಳ್ಲಿ? ಇವತ್ತು ಮಣ್ಣಿಗೋದ್ರೆ ಓಯ್ತಲ್ಲ."

ಚಿಕ್ಕಲಕ್ಷ್ಮಮ್ಮ ಗಂಡನ ಮುಖ ನೋಡಿದಳು. ಮಾದಯ್ಯ ಒರಟ, ಕೆಟ್ಟವನಲ್ಲ. ಅವನ ಮಗ ಚಲುವರಾಜು ಬೆಳಕು ಹರಿಯುವ ಮುಂಚೆಯೇ ಸೈಕಲ್ ತುಳಿದುಕೊಂಡು ಮಂಡ್ಯದ ಗುತ್ತಲಿಗೆ, ಫೋಟೋಗ್ರಾಫರ್ ಸಂಪತ್ ಕುಮಾರರ ಮನೆಗೆ ಹೋಗಿದ್ದ. ಮಡಕೆ ಹಿಡಿಯಬೇಕಾದವನೂ ಅವನೇ, ಚಿಕ್ಕಬೋರಯ್ಯನಿಗೆ ಮಕ್ಕಳಿರಲಿಲ್ಲ. ಅಂತೂ ಅವನು ಬರದೆ ಹೆಣ ಎತ್ತುವ ಹಾಗಿರಲಿಲ್ಲ.

"ಮನೆ ನೆರಳು ಆ ಒರಳುಕಲ್ಲು ಮುಟ್ಟೋಗಂಟ ಮಡಗ್ತೀನಿ," ಎಂದ ಮಾದಯ್ಯ. "ಆಮೇಲೆ ಬ್ರಮ್ಮ ಬಂದ್ರೂ ನಿಲ್ಸಾಕಿಲ್ಲ. ಚಲುವರಾಜು ಬರ್ನಿಲ್ಲ ಅಂದ್ರೆ ಮಡಕೆ ನಾನೇ ಇಡೀತೀನಿ."

ಮೀನಾಕ್ಷಮ್ಮ ಕಾಲು ತೆಗೆದಳು. ನೆರಳಿನ್ನೂ ಗೋಡೆಯ ಬುಡದಲ್ಲೇ ಇತ್ತು.

* * *

ಮಂಡ್ಯದಲ್ಲಿ ನಾಲೆ ತೆಗೆಯಲು ಬಂದ ಇಂಜಿನಿಯರುಗಳಿಗೆಂದು ಒಂದು ಕ್ಲಬ್ಬು ಇತ್ತು. ಬ್ರಷ್ಷು ಹಿಡಿಯುವ ಮುಂಚೆ ಚಿಕ್ಕಬೋರಯ್ಯ ಅಲ್ಲಿ ಮಾರ್ಕರ್. ಎಂದರೆ ಸಾಹೇಬರು ಬಿಲಿಯರ್ಡ್ಸ್ ಆಡುವಾಗ ಹಲಗೆಯ ಮೇಲೆ ಪಾಯಿಂಟು ಬರೆಯುವುದು, ಚೆಂಡು ಒರೆಸುವುದು, ಮೇಜಿನ ಹಸಿರು ಬಟ್ಟೆಗೆ ಇಸ್ತ್ರಿ ಹಾಕುವುದು. ಆ ಮೇಜನ್ನು ಒಬ್ಬ ಫ್ರೆಂಚ್ ಇಂಜಿನಿಯರು ಪಾಂಡಿಚೇರಿಯಿಂದ ತರಿಸಿದ್ದ. ಅದಕ್ಕೆ ಎಲ್ಲೂ ತೂತಿಲ್ಲ. ಮೂರು ಚೆಂಡು. ಕೋಲಿನಿಂದ ತಟ್ಟಿದ ತನ್ನ ಚೆಂಡು ಮೊದಲನೆಯದನ್ನು ಮುಟ್ಟಿ, ಮೇಜಿನ ಅಂಚಿನ ಗೋಡೆಗೆ ಮೂರು ಸಲ ತಾಗಿ, ಆಮೇಲೆ ಎರಡನೆಯದನ್ನು ಮುಟ್ಟಬೇಕು. ಸಾಹೇಬರುಗಳು ಹೊಡೆದು ಹೊಡೆದು ಸುಸ್ತಾಗಿ ಮಲಗಿದ ಮೇಲೆ ಮಾರ್ಕರ್ ಒಬ್ಬನೇ ಆಡುತ್ತಿದ್ದ. ಎರಡು ವರ್ಷಕ್ಕೆ ಆ ಫ್ರೆಂಚಿನವನೇ ಇವನ ಕೈಲಿ ಸೋತು, ಟೋಪಿ ತೆಗೆದು ತಲೆ ಬಾಗಿಸಿದ್ದನಂತೆ.

ಮೀನಾಕ್ಷಮ್ಮನಿಗೆ ಇದನ್ನೆಲ್ಲ ಅವನು ನಿಂಬೆಹಣ್ಣಿನಲ್ಲಿ ತೋರಿಸಿದ್ದ. ನಡುಮನೆಯಲ್ಲಿ ನಾಲ್ಕು ಕಡೆ ಸೌದೆ ಅಡ್ಡಮಾಡಿ, ಮೂರು ನಿಂಬೆಹಣ್ಣಿಟ್ಟು, ಒನಕೆಯ ತುದಿಯಿಂದ ತಟ್ಟಿದ. ನಿಂಬೆಹಣ್ಣು ಸೊಟ್ಟಸೊಟ್ಟಗೆ ಉರುಳಿ ಒಲೆಯ ಬೂದಿಗೆ ಬಿತ್ತು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅದು ನಿಂಬೆಅಣ್ಣು ಕಣೆ, ಅದ್ಕೆ ಅಂಗಾಯ್ತು," ಎಂದಿದ್ದ ಅವನು, ಒಂದಿಷ್ಟೂ ನಾಚದೆ. "ಅಲ್ಲಿರೋದು ದಂತದ ಚೆಂಡು. ನಾನು ಏಳ್ದಂಗೆ ಕೇಳ್ತದೆ."

ಕ್ಲಬ್ಬಿನ ಮೆಟ್ಟಿಲನ್ನು ಹೆಂಗಸರು ಹತ್ತುವಂತಿರಲಿಲ್ಲ. ಒಂದು ಸಲ ಮಂಡ್ಯದ ಸಂತೆಗೆ ಹೋದವಳು ಕ್ಲಬ್ಬಿನ ಎದುರಿನ ಹೊಂಗೆಮರದಡಿ ಒಂದು ಗಳಿಗೆ ನಿಂತಿದ್ದಳು. ಕಿಟಕಿಯಿಂದ ಟಕ್, ಟಕ್ ಎಂದು ಕೇಳಿಸಿತು, ಅಷ್ಟೆ. ಯಾರಾದರೂ ನೋಡಿ ಏನಾದರೂ ಅಂದರೆ ಎಂದು ಸೆರಗು ಎಳೆದುಕೊಂಡು ಹೊರಟುಬಂದಳು. ಈ ಸಂಗತಿಯನ್ನು ಗಂಡನಿಗೆ ಹೇಳಲೂ ಇಲ್ಲ.

ಸಾವಿರದ ಒಂಬೈನೂರ ಮೂವತ್ತೊಂದರಲ್ಲಿ ಪಾಂಡಿಚೇರಿಯಲ್ಲಿ ದೊಡ್ಡ ಪಂದ್ಯ. ಕ್ಲಬ್ಬಿನ ಸೆಕ್ರೆಟರಿ ವೆಂಕಟರಾಮಯ್ಯನವರು ತಮ್ಮ ಹಳೇ ಕೋಟು ತೊಡಿಸಿ ಇವನನ್ನು ಕರೆದುಕೊಂಡು ಹೊರಟರು. "ಮಾರ್ಕರ್‌ನ ಪಂದ್ಯಕ್ಕೆ ಕಳಿಸೋದೇ?" ಎಂದು ನಾಲ್ಕು ಜನ ಮೂಗು ಮುರಿದರು. ಇವನು ಹೊರಡುವಾಗ ಹೆಂಡತಿಗೆ, "ಗೆದ್ದು ಬತ್ತೀನಿ, ಪಾಯಸಕ್ಕೆ ಬೆಲ್ಲ ಕುಟ್ಟಿಡು" ಎಂದ. ಗೆದ್ದರೆ ಎನ್ನಲಿಲ್ಲ. ಹನ್ನೊಂದು ಜನರನ್ನು ಸೋಲಿಸಿ ಬೆಳ್ಳಿ ಬಟ್ಟಲು ತಂದ.

ಅವಳು ಅವನಿಂದ ಒಂದೇ ಮಾತು ತೆಗೆದುಕೊಂಡಿದ್ದಳು. ಮದ್ದೂರಿನಲ್ಲಿ ರೈಲ್ವೆ ಹಳಿ ಕೆಲಸಕ್ಕಿದ್ದ ಅವಳ ಅಪ್ಪನನ್ನು ಯಾವನೋ ದೊರೆ ಗ್ಯಾಂಗಿನವರ ಜೊತೆ ನಿಲ್ಲಿಸಿ ಫೋಟೋ ಹಿಡಿದಿದ್ದ. ಮೂರು ತಿಂಗಳಿಗೆ ಅಪ್ಪ ವಾಂತಿಭೇದಿಯಲ್ಲಿ ಹೋದ. ಅದೇ ಗ್ಯಾಂಗಿನಲ್ಲಿ ಇನ್ನೂ ಹದಿನಾಲ್ಕು ಜನ ಗುಂಡುಕಲ್ಲಿನ ಹಾಗೆ ಬದುಕಿದ್ದರು ಎನ್ನುವುದನ್ನು ಅವಳು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಪಾಂಡಿಚೇರಿಗೆ ಹೊರಟವನ ಕೈಯನ್ನು ದೀಪದ ಮೇಲೆ ಇಡಿಸಿ, ಫೋಟೋ ತೆಗೆಸುವುದಿಲ್ಲ ಎಂದು ಆಣೆ ಹಾಕಿಸಿಕೊಂಡಳು.

* * *

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಮದ್ದೂರಿನಿಂದ ಒಂದು ಜಟಕಾ ಬಂತು. ಚಪ್ಪರದಡಿ ಕೂತಿದ್ದವರೆಲ್ಲ ಎದ್ದರು. ಇಳಿದವರು ಫೋಟೋದವರಲ್ಲ, ವೆಂಕಟರಾಮಯ್ಯನವರು. ಈಗ ರಿಟೈರಾಗಿ ಮದ್ದೂರಿನಲ್ಲೇ ಇದ್ದರು. ಕಂಕುಳಲ್ಲಿ ಬಟ್ಟೆ ಸುತ್ತಿದ ಉದ್ದನೆಯ ಕೋಲು, ಕೈಯಲ್ಲಿ ಕಟ್ಟು ಹಾಕಿಸಿದ ಒಂದು ಫೋಟೋ. ಯಾರೋ ಮೇಷ್ಟರ ಮನೆಯಿಂದ ಕುರ್ಚಿ ತಂದರು. ಅವರು ಕೂರದೆ ನೇರವಾಗಿ ಜಗಲಿಯ ಹತ್ತಿರ ಹೋಗಿ ಕೋಲನ್ನು ಚಿಕ್ಕಬೋರಯ್ಯನ ಮಗ್ಗುಲಲ್ಲಿ ಒರಗಿಸಿದರು.

"ಇದು ಅವನು ಪಾಂಡಿಚೇರೀಲಿ ಆಡಿದ ಕೋಲು ಕಣಮ್ಮ. ಕ್ಲಬ್ಬಿನವರು ಹಳೇ ಸಾಮಾನಿನ ಜೊತೆ ಹಾಕಿದ್ದರು. ಅಲ್ಲಿ ಬಿದ್ದಿರೋದು ಬೇಡ ಅಂತ ತಂದೆ."

ಮಾದಯ್ಯ ಬಗ್ಗಿ ಫೋಟೋ ನೋಡಿದ. ಒಂಬತ್ತು ಜನ ಸೂಟುಬೂಟಿನವರು, ನಡುವೆ ಬಟ್ಟಲು ಹಿಡಿದ ಒಬ್ಬ.

"ಇದ್ಯಾರು ಸ್ವಾಮಿ ನಡುಮಧ್ಯೆ, ಮೊಕವೆಲ್ಲ ಒಗೆ ಇದ್ದಂಗವ್ನೆ?"

"ಅವನೇ ನಿನ್ನ ತಮ್ಮ. ಬಾ ಅಮ್ಮ, ನೀನೂ ನೋಡು."

ಮೀನಾಕ್ಷಮ್ಮ ನೋಡಿದಳು. ಗಂಡ ಅವಳಿಗೆ ಹೇಳಿದ್ದೇ ಬೇರೆ. "ಎಲ್ರೂ ತೆಗುಸ್ಕಂಡ್ರು, ನಾನು ಆಚೆ ನಿಂತಿದ್ದೆ" ಎಂದಿದ್ದ. ಇಲ್ಲಿ ನೋಡಿದರೆ ಕೋಟಿನ ಗುಂಡಿ ಎಣಿಸಬಹುದು, ಬಟ್ಟಲಿನ ಹಿಡಿ ಕಾಣುತ್ತದೆ, ಕುತ್ತಿಗೆಯ ಮೇಲೆ ಮಾತ್ರ ಒರೆಸಿದ ಹಾಗೆ ಬೂದುಬಣ್ಣ.

"ಗೆದ್ದು ಬಂದ ಮೇಲೆ ನಮ್ಮ ಕ್ಲಬ್ಬಿನ ಹಾಲ್‌ನಲ್ಲಿ ತೆಗೆದಿದ್ದು. ಬೆಳಕು ಕಮ್ಮಿ, ಐದು ಎಣಿಸೋವರೆಗೂ ಅಲ್ಲಾಡಬೇಡಿ ಅಂದರು ಸಂಪತ್ ಕುಮಾರು. ಈ ಪುಣ್ಯಾತ್ಮ ಮೂರಕ್ಕೆ ತಲೆ ಅಲ್ಲಾಡಿಸಿಬಿಟ್ಟ. ಯಾಕೋ ಹಿಂಗೆ ಮಾಡಿದೆ ಅಂತ ಆಮೇಲೆ ಬೈದೆ. 'ನಿಲ್ಲಲ್ಲ ಅಂದ್ರೆ ನಿಮಗೆ ಬೇಜಾರು, ನಿಂತ್ರೆ ಮನೇಲಿ ಕೊಟ್ಟ ಮಾತು ತಪ್ತದೆ, ಅದಕ್ಕೆ ಮೊಕ ಒಂದ ಉಳಿಸ್ಕಂಡೆ ಸ್ವಾಮಿ' ಅಂದ." ವೆಂಕಟರಾಮಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡರು. "ಅವನಂಥ ಆಟಗಾರ ಈ ಸೀಮೇಲಿ ಹುಟ್ಟಿಲ್ಲ. ಅವನ ಗುರುತಿಗೆ ಅಂತ ಇರೋದು ಇಷ್ಟೆ."

ಮೀನಾಕ್ಷಮ್ಮನಿಗೆ ಅದುವರೆಗೆ ತಡೆದಿದ್ದ ಅಳು ಒಮ್ಮೆಗೇ ಬಂತು. ಸುತ್ತ ನಿಂತ ಒಂಬತ್ತು ಜನಕ್ಕೂ ಮುಖವಿದೆ, ಗೆದ್ದವನಿಗೆ ಇಲ್ಲ. "ನನ್ ಬಾಯಿಗೆ ಮಣ್ಣಾಕ, ನಾನು ಮಾಡಿದ್ದಿದು," ಎಂದು ತಲೆ ಚಚ್ಚಿಕೊಂಡಳು. ಚಿಕ್ಕಲಕ್ಷ್ಮಮ್ಮ ಅವಳ ಕೈ ಹಿಡಿದುಕೊಂಡಳು.

ನೆರಳು ಗೋಡೆ ಬಿಟ್ಟು ಅಂಗಳಕ್ಕಿಳಿದಿತ್ತು. ಹೊಲದಲ್ಲಿ ಗುಂಡಿ ತೋಡಿ ಬಂದ ಕರಿಯಯ್ಯ ಗುದ್ದಲಿ ಗೋಡೆಗೆ ಒರಗಿಸಿ, "ಗುಂಡಿ ಆಯ್ತು ಗೌಡ್ರೆ" ಎಂದ. ಮಾದಯ್ಯ ಒರಳುಕಲ್ಲಿನ ಕಡೆ ನೋಡಿ ಎಲೆಯಡಿಕೆ ಚೀಲ ಬಿಚ್ಚಿದ.

* * *

ಪಾಂಡಿಚೇರಿಯ ಮಾರನೇ ವರ್ಷ ಕ್ಲಬ್ಬಿಗೆ ಹೊಸ ಮೇಜು ಬಂತು, ಆರು ತೂತಿನದು. ಹೊಸ ಸಾಹೇಬರಿಗೆ ಅದೇ ಇಷ್ಟ. ಚಿಕ್ಕಬೋರಯ್ಯ ಒಂದು ದಿನ ಆಡಿ ನೋಡಿದ. "ಚೆಂಡ ಗುಂಡಿಗೆ ಕೆಡವೋದೂ ಒಂದು ಆಟವಾ? ಗೋಲಿ ಆಡೋ ಐಕಳೂ ಮಾಡ್ತವೆ" ಎಂದು ಕೋಲು ಇಟ್ಟವನು ಮತ್ತೆ ಮುಟ್ಟಲಿಲ್ಲ.

"ಕೋಟಿ ವಿದ್ಯೆಗಿಂತ ಮೇಟಿ ವಿದ್ಯೆ ಮೇಲು, ಬಂದು ನೇಗಿಲು ಇಡೀಲಾ" ಎಂದ ಮಾದಯ್ಯ. ಇವನು ಹಿಡಿದದ್ದು ಬ್ರಷ್ಷು. ಮಾರ್ಕರ್ ಆಗಿದ್ದಾಗ ಪಾಯಿಂಟು ಬರೆಯುವ ಹಲಗೆಯ ಮೇಲೆ ಚೆಂಡು ಓಡುವ ದಾರಿಯನ್ನು ಗೆರೆ ಹಾಕಿ ಲೆಕ್ಕ ಮಾಡುತ್ತಿದ್ದ. ಸಂಪತ್ ಕುಮಾರರು ಅದನ್ನು ನೋಡಿದ್ದರು. ಹೀಗೆ ದೂರ ಹತ್ತಿರ ತಿಳಿದವನು ಪರದೆ ಬರೆದರೆ ಹೇಗಿರುತ್ತದೆ ಎಂದು ಆರು ಗಜ ಬಟ್ಟೆ ಕೊಟ್ಟರು. ಇವನು ಅರಮನೆಯ ಹಜಾರ ಬರೆದ. ಅದರ ಮುಂದೆ ಕೂತ ಮದುಮಕ್ಕಳು ನಿಜವಾಗಿಯೂ ಹಜಾರದೊಳಗೆ ಕೂತ ಹಾಗಿದ್ದರು. ಗುಟ್ಟು ಏನೆಂದರೆ, ಪ್ರತಿ ಪರದೆಯ ಕೆಳಅಂಚಿನಲ್ಲಿ ಕುರ್ಚಿ ಎಲ್ಲಿರಬೇಕು ಎಂದು ಗುರುತು ಹಾಕಿಕೊಡುತ್ತಿದ್ದ. ಕೋಲಿನ ತುದಿಗೆ ಉಜ್ಜುವ ನೀಲಿ ಸೀಮೆಸುಣ್ಣದ್ದೇ ಗುರುತು. ಆ ಗುರುತಿನ ಮೇಲೆ ಕುರ್ಚಿ ಇಟ್ಟರೆ ಪರದೆ ಮನೆಯಾಗುತ್ತಿತ್ತು, ಒಂದು ಗೇಣು ತಪ್ಪಿದರೆ ಬರೀ ಬಟ್ಟೆ.

ಹೋದ ಯುಗಾದಿಗೆ ಅವನು ಹೆಂಡತಿಗೆ ಕೆಂಪಂಚಿನ ಮೊಳಕಾಲ್ಮೂರು ಸೀರೆ ತಂದ. "ಯಾವ ಮದ್ವೆಗೆ?" ಎಂದು ಕೇಳಿದ್ದಕ್ಕೆ "ಮಡಗಿರು, ಬೇಕಾಯ್ತದೆ" ಎಂದ. ದೀಪಾವಳಿಗೆ, ಮದ್ದೂರಿನಲ್ಲಿ ಯಾರದೋ ಮನೆಯಲ್ಲಿದ್ದ ಆ ರೈಲ್ವೆ ಗ್ಯಾಂಗಿನ ಫೋಟೋ ಹುಡುಕಿ, ಅವಳ ಅಪ್ಪನ ಮುಖವೊಂದನ್ನೇ ದೊಡ್ಡದು ಮಾಡಿ ಬಣ್ಣದಲ್ಲಿ ಬರೆದು ತಂದು ನಡುಮನೆಯಲ್ಲಿ ನೇತುಹಾಕಿದ. ಹದಿನೆಂಟು ವರ್ಷದ ಮೇಲೆ ಅಪ್ಪನ ಮುಖ ನೋಡಿ ಅವಳು ಮಧ್ಯಾಹ್ನದವರೆಗೆ ಅತ್ತಳು. ಆ ಹೊತ್ತಿನಲ್ಲಿ ಅವನು ಫೋಟೋದ ಮಾತನ್ನೇ ಎತ್ತಲಿಲ್ಲ. ಹೋಗಿ ಹಸುವಿಗೆ ಹುಲ್ಲು ಹಾಕಿದ.

* * *

ನೆರಳು ಒರಳುಕಲ್ಲಿಗೆ ಇನ್ನೊಂದು ಗೇಣಿದೆ ಎನ್ನುವಾಗ ಎರಡನೇ ಜಟಕಾ ಬಂತು, ಹಿಂದೆ ಬೆವರಿಳಿಸುತ್ತ ಚಲುವರಾಜು. ಸಂಪತ್ ಕುಮಾರರು ಮೂರು ಕಾಲಿನ ಕ್ಯಾಮರಾ ಇಳಿಸಿ, ಆಮೇಲೆ ಉದ್ದನೆಯ ಸುರುಳಿಯೊಂದನ್ನು ಹೆಗಲ ಮೇಲೆ ಹೊತ್ತು ತಂದರು.

"ಕ್ಷಮಿಸಬೇಕಮ್ಮಾ, ರೈಲು ತಡ. ಫೋಟೋ ಹಿಡಿಯೋ ಗಾಜಿನ ಪ್ಲೇಟು ಎರಡು ತಂದಿದ್ದೆ, ಜಟಕಾ ಕುಲುಕಿ ಒಂದು ಒಡೆದುಹೋಯಿತು. ಇರೋದು ಒಂದೇ ಒಂದು." ಸುರುಳಿಯನ್ನು ಮೆಲ್ಲಗೆ ಇಳಿಸಿದರು. "ಇದು ಅವರದೇ ಪರದೆ. ಶಿವರಾತ್ರಿ ಹೊತ್ತಿಗೆ ಬರೆದು ನನ್ನ ಹತ್ತಿರ ಇಟ್ಟಿದ್ದರು. ಯಾರಿಗೂ ಬಿಚ್ಚಬೇಡಿ, ನಾನು ಹೇಳಿದಾಗ ತನ್ನಿ ಅಂದಿದ್ದರು."

ಚಪ್ಪರದ ಬಿದಿರಿಗೆ ಕಟ್ಟಿ ಬಿಚ್ಚಿದರು. ಕಂಬವಿಲ್ಲ, ಕೊಳವಿಲ್ಲ, ಹಂಸವೂ ಇಲ್ಲ. ಒಂದು ದೊಡ್ಡ ಹಸಿರು ಮೇಜು, ಅದರ ಮೇಲೆ ತೂಗುವ ದೀಪ, ಮೂರು ಚೆಂಡು. ಅಲ್ಲಿದ್ದ ಹಳ್ಳಿಯವರು ಯಾರೂ ಅಂಥದನ್ನು ಕಂಡವರಲ್ಲ. ವೆಂಕಟರಾಮಯ್ಯನವರು ಒಂದು ಹೆಜ್ಜೆ ಮುಂದೆ ಬಂದು, ಮೇಜು ಮುಟ್ಟುವವರ ಹಾಗೆ ಕೈ ಚಾಚಿ, ಬಟ್ಟೆ ಎಂದು ನೆನಪಾಗಿ ಹಿಂತೆಗೆದರು.

ಮೀನಾಕ್ಷಮ್ಮ ನೋಡುತ್ತ ನಿಂತಳು. ಇದಾ ಅದು, ಎಂದುಕೊಂಡಳು. ನಿಂಬೆಹಣ್ಣಿಗೆ ನಕ್ಕಿದ್ದು ನೆನಪಾಯಿತು.

ಕೆಳಅಂಚಿನಲ್ಲಿ ನೀಲಿ ಗುರುತಿತ್ತು. ಒಂದು ಕುರ್ಚಿಯದಲ್ಲ, ಎರಡು ಕುರ್ಚಿಯದು.

"ಎಲ್ಡನೇದು ಯಾರ್ಗೆ?" ಎಂದ ಮಾದಯ್ಯ.

ಸಂಪತ್ ಕುಮಾರರು ಮೀನಾಕ್ಷಮ್ಮನ ಕಡೆ ನೋಡಿದರು. "ನಾನೂ ಕೇಳಿದ್ದೆ. 'ನಿಮ್ಮನೆಯವರಿಗೆ ಫೋಟೋ ಅಂದರೇ ಆಗದು ಅಂತೀರಿ, ಇದೇನು' ಅಂದೆ. 'ನೇರ ಹೋದ್ರೆ ಅವಳು ಒಪ್ಪಾಕಿಲ್ಲ ಸ್ವಾಮಿ, ಮೂರು ಗೋಡೆ ಮುಟ್ಟಿ ಬರಬೇಕು. ಸೀರೆ ಆಯ್ತು, ಅವರಪ್ಪನ ಪಟ ಆಯ್ತು. ಇನ್ನೊಂದು ಗೋಡೆ ಅದೆ, ಬತ್ತಾಳೆ' ಅಂದರು."

ಮೀನಾಕ್ಷಮ್ಮ ಒಳಗೆ ಹೋದಳು. ಪೆಟ್ಟಿಗೆ ತೆಗೆದ ಸದ್ದಾಯಿತು. ಕೆಂಪಂಚಿನ ಸೀರೆ ಉಟ್ಟು ಹೊರಗೆ ಬಂದಾಗ ಮಾದಯ್ಯ ಅಡ್ಡ ನಿಂತ.

"ಎಣದ ಪಕ್ಕ ನೀನು ಕೂತು ಫೋಟೋ ಇಡಿಸ್ಕಂಡ್ರೆ ಊರು ಏನಂದಾತು? ಅವನ್ದೊಂದು ತೆಗೀಲಿ ಅಂತ ನಾನು ಒಪ್ಪಿದ್ದು. ನಿನ್ ಆಯಸ್ಸಿನ ಗತಿ ಏನು?"

"ಆಯಸ್ಸಿನ ಮಾತು ಅಂದೋಳು ನಾನೇ ಭಾವ. ಈಗ ನಾನೇ ಇಂದಕ್ಕೆ ತಕ್ಕತ್ತೀನಿ."

"ಸಾಸ್ತ್ರ ಅಂತ ಒಂದದೆ."

ಆಗ ಚಿಕ್ಕಲಕ್ಷ್ಮಮ್ಮ ಬಾಯಿ ತೆಗೆದಳು. ಗಂಡನ ಎದುರು ನಾಲ್ಕು ಜನರ ಮುಂದೆ ಅವಳು ಮಾತಾಡಿದ್ದು ಅದೇ ಮೊದಲು. "ಒಲಕ್ಕೋದ ಮ್ಯಾಲೆ ಈ ಬಳೆ ಒಡೆಯೋಳು ನಾನು. ಈ ಕುಂಕುಮ ಒರೆಸೋಳೂ ನಾನು. ಅದ್ಕೆ ಮುಂಚೆ ಒಂದು ಗಳಿಗೆ ಗಂಡ ಎಂಡ್ತಿ ಕೂತ್ಕಂಡ್ರೆ ಯಾವ ಸಾಸ್ತ್ರ ಮುಳುಗೋಯ್ತದೆ? ಸುಮ್ನೆ ಸರೀರಿ ಅತ್ಲಾಗೆ."

ಮಾದಯ್ಯ ಒರಳುಕಲ್ಲಿನ ಕಡೆ ನೋಡಿದ. ನೆರಳು ಅದನ್ನು ಮುಟ್ಟಿ ಮೇಲೇರಿತ್ತು. ಅವನು ಹೆಗಲ ಟವಲು ಒದರಿ, "ಚಲುವರಾಜ, ಆ ಕಡೆ ಇಡ್ಕಳ್ಲಾ" ಎಂದು ತಾನೇ ತಮ್ಮನ ಕಂಕುಳಿಗೆ ಕೈ ಹಾಕಿದ. ಇಬ್ಬರೂ ಎತ್ತಿ ತಂದು ಎಡಗುರುತಿನ ಕುರ್ಚಿಯಲ್ಲಿ ಕೂರಿಸಿದರು. ಟವಲಿನಿಂದ ಎದೆಯನ್ನು ಕುರ್ಚಿಗೆ ಕಟ್ಟಿ, ಮೇಲೆ ಕೋಟು ಮುಚ್ಚಿದರು. ಅದು ವೆಂಕಟರಾಮಯ್ಯನವರು ಮೈಮೇಲಿನಿಂದ ಬಿಚ್ಚಿಕೊಟ್ಟ ಕೋಟು. ಮೊಣಕಾಲ ನಡುವೆ ಕೋಲು ನಿಲ್ಲಿಸಿದರು. ಮೇಷ್ಟರ ಮನೆಯಿಂದ ಬಂದ ಇನ್ನೊಂದು ಕುರ್ಚಿ ಬಲಗುರುತಿಗೆ ಬಂತು.

ಕೂರುವ ಮುನ್ನ ಮೀನಾಕ್ಷಮ್ಮ ಪರದೆಯನ್ನು ಮತ್ತೊಮ್ಮೆ ಹತ್ತಿರದಿಂದ ನೋಡಿದಳು. ಮೇಜಿನ ಆಚೆ ಒಂದು ಕಿಟಕಿ ಬರೆದಿದ್ದ. ಕಿಟಕಿಯ ಹೊರಗೆ ಹೊಂಗೆಮರ. ಮರದ ಬುಡದಲ್ಲಿ ಹೆಬ್ಬೆರಳಿನಷ್ಟು ಒಬ್ಬ ಹೆಂಗಸು, ಕೈಯಲ್ಲಿ ಸಂತೆಯ ಚೀಲ, ತಲೆಯ ಮೇಲೆ ಸೆರಗು.

ಅವಳು ಕೂತಳು. ಎರಡೂ ಕೈಯನ್ನು ಮಡಿಲಲ್ಲಿಟ್ಟಳು, ಆಮೇಲೆ ಒಂದು ಕೈಯನ್ನು ತೆಗೆದು ಗಂಡನ ಕುರ್ಚಿಯ ತೋಳಿನ ಮೇಲಿಟ್ಟಳು.

"ನೆರಳಿದೆ ಅಮ್ಮಾ, ಐದು ಎಣಿಸೋವರೆಗೂ ಅಲ್ಲಾಡಬೇಡಿ. ಒಂದೇ ಪ್ಲೇಟು," ಎಂದರು ಸಂಪತ್ ಕುಮಾರರು ಕರೀ ಬಟ್ಟೆಯೊಳಗಿನಿಂದ. ಆಮೇಲೆ ಹೊರಗೆ ಬಂದು ಕ್ಯಾಮರಾದ ಮುಚ್ಚಳ ತೆಗೆದರು. "ಒಂದು. ಎರಡು."

ಅವತ್ತು ನನ್ನ ನೋಡಿದ್ರಾ, ಎಂದು ಕೇಳಬೇಕೆನಿಸಿತು ಅವಳಿಗೆ. ನೋಡಿಯೂ ಇಷ್ಟು ವರ್ಷ ಬಾಯಿ ಬಿಡಲಿಲ್ಲವಾ ನೀವು, ನನ್ನ ಹಾಗೇನೇ.

"ಮೂರು," ಎಂದರು ಸಂಪತ್ ಕುಮಾರರು. ಅವಳು ಗಂಡನ ಕಡೆ ತಿರುಗಿದಳು.

* * *

ಹನ್ನೊಂದನೇ ದಿನ, ತಿಥಿಯ ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಸಂಪತ್ ಕುಮಾರರು ಫೋಟೋ ತಂದರು. ಕಾಗದ ಬಿಚ್ಚುವ ಮೊದಲೇ ತಪ್ಪೊಪ್ಪಿಕೊಳ್ಳುವವರ ಹಾಗೆ, "ನಿಮ್ಮದು ಸರಿಯಾಗಿ ಬರಲಿಲ್ಲ ಅಮ್ಮಾ. ಇನ್ನೊಂದು ಪ್ಲೇಟು ಇದ್ದಿದ್ದರೆ..." ಎಂದರು.

ಮೀನಾಕ್ಷಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿದಳು, ಬಹಳ ಹೊತ್ತು.

"ಸರಿಯಾಗೇ ಬಂದದೆ ಬುಡಿ ಸ್ವಾಮಿ," ಎಂದಳು. ಎದ್ದು ಹೋಗಿ, ವೆಂಕಟರಾಮಯ್ಯನವರು ಬಿಟ್ಟುಹೋಗಿದ್ದ ಕ್ಲಬ್ಬಿನ ಫೋಟೋದ ಪಕ್ಕದ ಮೊಳೆಗೆ ಅದನ್ನು ತಾನೇ ನೇತುಹಾಕಿದಳು.

ಹೊಸ ಫೋಟೋದಲ್ಲಿ ಚಿಕ್ಕಬೋರಯ್ಯನ ಮೀಸೆಯ ಒಂದೊಂದು ಕೂದಲೂ ಕಾಣುತ್ತಿತ್ತು. ಉಗುರ ಸಂದಿಯ ಬಣ್ಣ ಕಾಣುತ್ತಿತ್ತು, ಬೆನ್ನ ಹಿಂದೆ ಮೇಜು ಕ್ಲಬ್ಬಿನ ಹಾಲ್‌ನಷ್ಟೇ ಆಳವಾಗಿತ್ತು. ಪಕ್ಕದ ಕುರ್ಚಿಯಲ್ಲಿ ಸೀರೆಯ ಅಂಚಿತ್ತು, ಕುತ್ತಿಗೆಯ ಮೇಲೆ ಒರೆಸಿದ ಹಾಗೆ ಬೂದುಬಣ್ಣ. ಗಂಡನ ಕುರ್ಚಿಯ ತೋಳಿನ ಮೇಲಿಟ್ಟ ಅವಳ ಕೈ ಮಾತ್ರ ಅಲ್ಲಾಡಿರಲಿಲ್ಲ. ಅದರ ಮೇಲೆ ಗಾಜಿನ ಬಳೆ ಆರೂ ಇದ್ದವು, ಒಂದೊಂದೂ ಬೇರೆಬೇರೆಯಾಗಿ.